ಸೋಲುವ ವರ್ಷಗಳ ಖರ್ಚು ಯಾರದು?

ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ಬಾಗ್-ಎ-ಆಮ್ ಉದ್ಯಾನದ ಮಗ್ಗುಲಿನಿಂದ ನಡೆದುಕೊಂಡೇ ಹೋದರೂ ಫತೇ ಮೈದಾನ ತಲುಪಬಹುದು. 1687ರಲ್ಲಿ ಗೋಲ್ಕೊಂಡ ಕೋಟೆ ಔರಂಗಜೇಬನ ಕೈಸೇರಿದ ಕಾಲಕ್ಕೆ ಮೊಗಲ್ ಸೈನ್ಯ ಬೀಡುಬಿಟ್ಟ ಜಾಗ ಇದು, ಗೆಲುವಿನ ಹೆಸರು ಅದಕ್ಕೇ ಬಂತು ಎನ್ನುತ್ತಾರೆ. ಇಂದಿನ ಹೆಸರು ಲಾಲ್ ಬಹದ್ದೂರ್ ಕ್ರೀಡಾಂಗಣ. 1930-31ರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಮೊಯಿನುದ್ದೌಲಾ ಗೋಲ್ಡ್ ಕಪ್ ಕ್ರಿಕೆಟ್ ಮುಂದೆ ಈ ಮೈದಾನಕ್ಕೂ ಬಂತು. ಟೆಸ್ಟ್ ಆಡಿದವರ ಎದುರು ಇನ್ನೂ ಹೆಸರು ಮಾಡದ ಹುಡುಗರು ನಿಂತು ಆಡುತ್ತಿದ್ದ ಟೂರ್ನಿ ಅದು. ಹೈದರಾಬಾದಿನ ಕ್ರಿಕೆಟ್ ಬಗ್ಗೆ ಬರೆಯುವವರೆಲ್ಲ ಆ ಕಪ್ಪನ್ನು ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಆ ಕಪ್ಪಿನ ಹಿಂದೆ ಇನ್ನೊಂದು ಸಂಸ್ಥೆಯಿತ್ತು, ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಅದು ಬ್ಯಾಂಕು. ಅಜಿತ್ ವಾಡೇಕರ್, ನಮ್ಮ ಜಿ. ಆರ್. ವಿಶ್ವನಾಥ್, ಇದೇ ಊರಿನ ಮೊಹಮ್ಮದ್ ಅಜರುದ್ದೀನ್, ಮೂವರೂ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದವರು. ಅವರಂತೆ ಬ್ಯಾಂಕು, ರೈಲ್ವೆ, ಕಾರ್ಖಾನೆಗಳ ಸಂಬಳ ತಿಂದು ಆಡಿದವರು ನೂರಾರು ಮಂದಿ. ಬ್ಯಾಟು ಕೈಕೊಟ್ಟ ತಿಂಗಳಲ್ಲೂ ಒಂದನೇ ತಾರೀಕು ಸಂಬಳ ಬರುತ್ತಿತ್ತು. ಆಟಗಾರನೊಬ್ಬ ಬೆಳೆಯಲು ಬೇಕಾದದ್ದು ಅವಕಾಶ ಎನ್ನುತ್ತೇವೆ. ನನ್ನ ಮಟ್ಟಿಗೆ ಆ ಮಾತು ಅರ್ಧ ಮಾತ್ರ ನಿಜ. ಅವನಿಗೆ ಬೇಕಾದದ್ದು ಸೋಲುವುದಕ್ಕೆ ಬೇಕಾದಷ್ಟು ಕಾಲ, ಮತ್ತು ಆ ಕಾಲದಲ್ಲಿ ಮನೆಯ ಒಲೆ ಆರದಂತೆ ನೋಡಿಕೊಳ್ಳುವ ಒಂದು ವ್ಯವಸ್ಥೆ.

ನಾಂಪಲ್ಲಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಗೋಲ್ಕೊಂಡದ ನಯಾ ಕಿಲಾ ಇದೆ. 1656ರಲ್ಲಿ ಮೊಗಲರ ದಾಳಿಯ ಬಿಸಿ ತಟ್ಟಿದ ಮೇಲೆ ಅಬ್ದುಲ್ಲಾ ಕುತುಬ್ ಷಾ ಹಳೆ ಕೋಟೆಗೆ ಸೇರಿಸಿ ಕಟ್ಟಿಸಿದ ಹೊಸ ಕೋಟೆ. ಆ ಗೋಡೆಗಳ ಒಳಗೆ ಈಗ ಗಾಲ್ಫ್ ಮೈದಾನವಿದೆ. ಕಲ್ಲಿನ ಬುರುಜು, ಹಳೆಯ ಮಸೀದಿಗಳು, ‘ಹತಿಯಾನ್ ಕಾ ಝಾಡ್’ ಎಂದು ಜನ ಕರೆಯುವ, ಹತ್ತಾರು ಮಂದಿ ಕೈಕೈ ಹಿಡಿದರೂ ತಬ್ಬಲಾಗದ ದೈತ್ಯ ಆನೆಹುಣಸೆ ಮರ, ಇವುಗಳ ನಡುವೆ ಹುಲ್ಲಿನ ಹಾಸು. ಭಾರತದ ವೃತ್ತಿಪರ ಗಾಲ್ಫ್ ಟೂರ್, ಅಂದರೆ ಪಿಜಿಟಿಐ, ಇಲ್ಲಿ ‘ಗೋಲ್ಕೊಂಡ ಮಾಸ್ಟರ್ಸ್’ ಎಂಬ ಟೂರ್ನಿ ನಡೆಸುತ್ತದೆ. ನಾಲ್ಕು ದಿನದ ಆಟ. ಎರಡು ದಿನ, 36 ಹೋಲ್ ಮುಗಿದ ಮೇಲೆ ‘ಕಟ್’ ಬೀಳುತ್ತದೆ. ಪಟ್ಟಿಯಲ್ಲಿ ಆ ಗೆರೆಯ ಮೇಲಿರುವವರು ಉಳಿದೆರಡು ದಿನ ಆಡಿ ಹಣ ಹಂಚಿಕೊಳ್ಳುತ್ತಾರೆ. ಗೆರೆಯ ಕೆಳಗಿನವರು ಎರಡನೇ ದಿನದ ಸಂಜೆಯೇ ಬ್ಯಾಗ್ ಕಟ್ಟಬೇಕು, ಅವರಿಗೆ ಬಹುಮಾನವಿಲ್ಲ. ಬಂದ ಖರ್ಚು, ಉಳಿದುಕೊಂಡ ಖರ್ಚು, ಬ್ಯಾಗ್ ಹೊರುವ ಕ್ಯಾಡಿಗೆ ಕೊಟ್ಟ ಕೂಲಿ ಎಲ್ಲವೂ ಕೈಯಿಂದ. ಸಂತೆಯಲ್ಲಿ ಮಾಲು ಹೋಗಲಿ ಬಿಡಲಿ, ಗಾಡಿ ಬಾಡಿಗೆಯಂತೂ ತಪ್ಪುವುದಿಲ್ಲವಲ್ಲ, ಹಾಗೆ. ಮುಂದಿನ ವಾರ ಇನ್ನೊಂದು ಊರಿನ ಸಂತೆ. ಆ ಗೆರೆಯ ಮೇಲಕ್ಕೂ ಕೆಳಕ್ಕೂ ಇರುವ ಅಂತರ ಎಷ್ಟೋ ಸಲ ಒಂದೇ ಒಂದು ಹೊಡೆತ, ನಾಲ್ಕು ಅಡಿ ದೂರದಿಂದ ಚೆಂಡನ್ನು ಗುಳಿಗೆ ಉರುಳಿಸುವ ಒಂದು ಪಟ್. ಕ್ರಿಕೆಟಿಗನಿಗೆ ಬ್ಯಾಂಕು ಕೊಟ್ಟ ಆಸರೆ ಈ ಆಟದಲ್ಲಿ ಯಾರಿಂದ ಸಿಕ್ಕಿತು, ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಹುಡುಕುತ್ತ ಹೊರಟರೆ ಗಾಲ್ಫಿನ ಕಳೆದ ಮೂರೂವರೆ ದಶಕದ ಚರಿತ್ರೆ ಬೇರೆಯೇ ರೂಪದಲ್ಲಿ ಕಾಣುತ್ತದೆ.

ಆ ಚರಿತ್ರೆ ಆರಂಭವಾಗುವುದು 1990ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಎಂಬ ಊರಿನಲ್ಲಿ. ಅಮೆರಿಕದ ಪಿಜಿಎ ಟೂರ್‌ಗೆ ಆಗ ಡೀನ್ ಬೀಮನ್ ಮುಖ್ಯಸ್ಥ. ಮೊದಲ ದರ್ಜೆಯ ಟೂರ್‌ನಲ್ಲಿ ಜಾಗ ಸಿಗದ, ಸಿಕ್ಕಿ ಕಳೆದುಕೊಂಡ ಆಟಗಾರರಿಗೆ ಒಂದು ಶಿಸ್ತಿನ ಎರಡನೇ ದರ್ಜೆಯ ಟೂರ್ ಬೇಕೆಂದು ಅವರು ಹಟ ಹಿಡಿದರು. ಗಾಲ್ಫ್ ಕೋಲು ತಯಾರಿಸುವ ಬೆನ್ ಹೋಗನ್ ಕಂಪನಿ ಹಣ ಹಾಕಿತು, ಟೂರ್‌ಗೆ ಹೋಗನ್ ಹೆಸರೇ ಬಂತು. ಅದಕ್ಕೂ ಮುಂಚೆ ಇಂಥ ಆಟಗಾರರಿಗೆ ಇದ್ದದ್ದು ಅಲ್ಲಲ್ಲಿ ನಡೆಯುವ ‘ಮಿನಿ ಟೂರ್’ಗಳು. ಅಲ್ಲಿ ಬಹುಮಾನದ ಹಣವೆಂದರೆ ಬಹುಮಟ್ಟಿಗೆ ಆಡುವವರೇ ಕಟ್ಟಿದ ಪ್ರವೇಶ ಶುಲ್ಕ. ಅಂದರೆ ಸೋತವನ ಜೇಬಿನಿಂದ ತೆಗೆದು ಗೆದ್ದವನಿಗೆ ಕೊಡುವುದು. ಹೋಗನ್ ಟೂರ್ ಈ ಲೆಕ್ಕವನ್ನೇ ಬದಲಿಸಿತು. ಮೊದಲ ವರ್ಷವೇ 30 ಟೂರ್ನಿ, ಹೆಚ್ಚಿನ ಕಡೆ ಒಟ್ಟು ಬಹುಮಾನ 1 ಲಕ್ಷ ಡಾಲರ್, ಗೆದ್ದವನಿಗೆ 20,000. ನಾಲ್ಕು ದಿನದ ಬದಲು ಮೂರು ದಿನ, 54 ಹೋಲಿನ ಆಟ. ದೊಡ್ಡ ನಗರಗಳನ್ನು ಬಿಟ್ಟು ಚಿಕ್ಕ ಊರುಗಳನ್ನೇ ಆರಿಸಿಕೊಂಡರು. ಬೇಕರ್ಸ್‌ಫೀಲ್ಡಿನಲ್ಲಿ ಮೊದಲ ಟೂರ್ನಿ ಗೆದ್ದವರು ಮೈಕ್ ಸ್ಪ್ರಿಂಗರ್. ವರ್ಷದ ಕೊನೆಗೆ ಹಣದ ಪಟ್ಟಿಯಲ್ಲಿ ಮೊದಲ ಐದು ಸ್ಥಾನ ಪಡೆದವರಿಗೆ ಮರುವರ್ಷದ ಪಿಜಿಎ ಟೂರ್ ಕಾರ್ಡ್, ಅಂದರೆ ಅಲ್ಲಿ ಆಡುವ ಹಕ್ಕು. ಮೂವತ್ತು ಊರು ಸುತ್ತಿ ಐದು ಕಾರ್ಡು! ಆ ಪಟ್ಟಿಯ ತುದಿಯಲ್ಲಿ ನಿಂತವರು ಜೆಫ್ ಮ್ಯಾಗರ್ಟ್. ಇಡೀ ವರ್ಷದ ಅವರ ಗಳಿಕೆ 1 ಲಕ್ಷ ಡಾಲರಿಗಿಂತ ತುಸು ಹೆಚ್ಚು, ಖರ್ಚು ಕಳೆಯುವ ಮುಂಚೆ. ಅದೇ ಮ್ಯಾಗರ್ಟ್ ಮುಂದೆ ಮೂರು ಸಲ ಅಮೆರಿಕದ ರೈಡರ್ ಕಪ್ ತಂಡದಲ್ಲಿ ಆಡಿದರು.

ಆ ಮೊದಲ ವರ್ಷಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಟಾಮ್ ಲೇಮನ್ ಅವರ ಕತೆ. 1983ರಿಂದ 1985ರವರೆಗೆ ಪಿಜಿಎ ಟೂರ್‌ನಲ್ಲಿ ಆಡಿ, ಕಾರ್ಡ್ ಕಳೆದುಕೊಂಡು, ಏಷ್ಯಾ, ದಕ್ಷಿಣ ಆಫ್ರಿಕಾ ಎಂದು ವರ್ಷಗಟ್ಟಲೆ ಅಲೆದವರು. ಒಂದು ಹಂತದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಗಾಲ್ಫ್ ತರಬೇತುದಾರನ ಕೆಲಸ ಬಾಗಿಲಿಗೆ ಬಂದಿತ್ತು. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಬಾಡಿಗೆಗೆ ಕೊಡುವುದೂ ಆ ಕೆಲಸದ ಪಾಲಾಗಿತ್ತು. ಅವರು ಒಲ್ಲೆ ಎಂದರು. 1991ರ ಹೋಗನ್ ಟೂರ್‌ನಲ್ಲಿ ಮೊದಲಿಗರಾದರು, ಐದು ವರ್ಷಕ್ಕೆ, 1996ರಲ್ಲಿ, ಬ್ರಿಟಿಷ್ ಓಪನ್ ಗೆದ್ದರು. ಲೇಮನ್ ಅವರಲ್ಲಿ 1985ರಲ್ಲಿ ಇಲ್ಲದ ಪ್ರತಿಭೆ 1991ರಲ್ಲಿ ಎಲ್ಲಿಂದಲೋ ಉದುರಿತೆಂದು ನಂಬುವುದು ಕಷ್ಟ. ಬದಲಾದದ್ದು ಎರಡು. ಅವರು ಸೋತು ಸೋತು ಕಲಿತದ್ದು ಒಂದು, ಆ ಕಲಿಕೆಯನ್ನು ವಾರವಾರವೂ ಒರೆಗೆ ಹಚ್ಚಲು ಹಣ ಸಿಗುವ ಒಂದು ಕಣ ಹುಟ್ಟಿಕೊಂಡದ್ದು ಇನ್ನೊಂದು. ಪ್ರಾಯೋಜಕರು ಬದಲಾದಂತೆ ಆ ಟೂರ್‌ನ ಹೆಸರು ನೈಕಿ, ಬೈ ಡಾಟ್ ಕಾಮ್, ನೇಷನ್‌ವೈಡ್, ವೆಬ್ ಡಾಟ್ ಕಾಮ್ ಎಂದು ಬದಲಾಗುತ್ತ 2019ರಲ್ಲಿ ಕಾರ್ನ್ ಫೆರಿ ಆಯಿತು. 2003ರಲ್ಲಿ ಅದರ ತುದಿಗೇರಿದ ಜ್ಯಾಕ್ ಜಾನ್ಸನ್ 2007ರಲ್ಲಿ ಅಮೆರಿಕದ ಹೆಸರಾಂತ ಮಾಸ್ಟರ್ಸ್ ಟೂರ್ನಿ ಗೆದ್ದರು. 2019ರಲ್ಲಿ ತುದಿಗೇರಿದ ಸ್ಕಾಟಿ ಶೆಫ್ಲರ್ 2022ರ ಮಾಸ್ಟರ್ಸ್ ಗೆದ್ದರು. ಹೈದರಾಬಾದಿನಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ದಂಪತಿಯ ಮಗ ಸಾಹಿತ್ ತೀಗಲ ಅವರಿಗೆ ಮೊದಲ ದರ್ಜೆಯ ಬಾಗಿಲು ತೆರೆದದ್ದೂ 2021ರಲ್ಲಿ ಇದೇ ಕಾರ್ನ್ ಫೆರಿ ಟೂರ್‌ನ ಕೊನೆಯ ಸುತ್ತಿನ ಟೂರ್ನಿಗಳು. 2023ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಮೊದಲ ಪಿಜಿಎ ಟೂರ್ ಪ್ರಶಸ್ತಿ ಗೆದ್ದರು.

ಇನ್ನು ನಮ್ಮ ಕಡೆಗೆ ಬರೋಣ. ಇಂಡಿಯನ್ ಓಪನ್ ಶುರುವಾದದ್ದು 1964ರಲ್ಲಿ, ಗೆದ್ದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಮರುವರ್ಷ ಅಮೆಚೂರ್ ಆಟಗಾರ ಪಿ. ಜಿ. ಸೇಠಿ ಗೆದ್ದರು. ಅಲ್ಲಿಂದ ಇಪ್ಪತ್ತಾರು ವರ್ಷ ಭಾರತೀಯರ ಹೆಸರಿಲ್ಲ. 1991ರಲ್ಲಿ ಆ ಬರ ನೀಗಿಸಿದವರು ದೆಹಲಿಯ ಅಲಿ ಶೇರ್, ಕ್ಯಾಡಿಯಾಗಿದ್ದವರು, ಅಂದರೆ ಶ್ರೀಮಂತರ ಬ್ಯಾಗ್ ಹೊತ್ತು ಕೂಲಿ ಪಡೆಯುತ್ತಿದ್ದವರು. 1993ರಲ್ಲಿ ಮತ್ತೆ ಅವರೇ. 1998ರಲ್ಲಿ ಕೋಲ್ಕತ್ತದ ಫಿರೋಜ್ ಅಲಿ, 2002ರಲ್ಲಿ ಲಖನೌದ ವಿಜಯ್ ಕುಮಾರ್, 2009ರಲ್ಲಿ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ, ಎಲ್ಲರೂ ಅದೇ ದಾರಿಯಲ್ಲಿ ಬಂದವರು. 2008ರಲ್ಲಿ ದೆಹಲಿಯಲ್ಲಿ ಇಂಡಿಯನ್ ಮಾಸ್ಟರ್ಸ್ ಗೆದ್ದ ಎಸ್. ಎಸ್. ಪಿ. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಬೇರೆ ಯಾವ ಆಟದಲ್ಲೂ ಹೀಗೆ ಸೇವಕರ ಕೇರಿಯಿಂದಲೇ ಒಂದು ತಲೆಮಾರಿನ ಚಾಂಪಿಯನ್ನರು ಎದ್ದು ಬಂದದ್ದನ್ನು ನಾನು ಕಾಣೆ. ಕ್ಲಬ್ಬಿಗೆ ರಜೆಯಿರುವ ಸೋಮವಾರ ಆಡಲು ಬಿಡುವ ರೂಢಿ, ಯಾರೋ ಸದಸ್ಯರು ಕೊಟ್ಟ ಹಳೆಯ ಕೋಲುಗಳು, ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಆಟ ನೋಡಿ ನೋಡಿ ಕಣ್ಣಿಗೆ ಹತ್ತಿದ ವಿದ್ಯೆ. ಇಷ್ಟೇ ಅವರ ಬಂಡವಾಳ. ಗುರುಗ್ರಾಮದ ಡಿಎಲ್ಎಫ್ ಮೈದಾನದಲ್ಲಿ ಕೊರಿಯಾದ ಲೀ ಸುಂಗ್ ಜತೆ ಸಮನಾಗಿ, ಪ್ಲೇಆಫ್‌ನಲ್ಲಿ ಮುನಿಯಪ್ಪ ಗೆದ್ದಾಗ ಬೆಂಗಳೂರಿನ ಕ್ಯಾಡಿಗಳಿಗೆ ಆದ ಹಿಗ್ಗು ಸುಲಭವಾಗಿ ಅರ್ಥವಾಗುವಂಥದ್ದು. ಬ್ಯಾಗ್ ಹೊರುವವನೇ ಟ್ರೋಫಿಯನ್ನೂ ಹೊತ್ತನಲ್ಲ!

ಪಿಜಿಟಿಐ ಹುಟ್ಟಿದ್ದು 2006ರಲ್ಲಿ. ಆಟಗಾರರೇ ಸೇರಿ ಕಟ್ಟಿಕೊಂಡ ಸಂಸ್ಥೆ. 2010ರಲ್ಲಿ ಏಷ್ಯನ್ ಟೂರ್ ತನ್ನ ಕೆಳಗೆ ಏಷ್ಯನ್ ಡೆವಲಪ್‌ಮೆಂಟ್ ಟೂರ್ ಎಂಬ ಎರಡನೇ ಮೆಟ್ಟಿಲು ಹಾಕಿತು. ಪಿಜಿಟಿಐ ಕೂಡ ಕೆಳಗಿನವರಿಗಾಗಿ ಫೀಡರ್ ಟೂರ್ ನಡೆಸಿತು, ಈಚೆಗೆ ಅದೇ ಉದ್ದೇಶಕ್ಕೆ ‘ನೆಕ್ಸ್‌ಜೆನ್’ ಎಂಬ ಟೂರ್ ತಂದಿದೆ. ಆದ್ದರಿಂದ ನಮ್ಮಲ್ಲಿ ಮೆಟ್ಟಿಲೇ ಇಲ್ಲ ಎಂದು ದೂರುವುದು ಅನ್ಯಾಯ. ಆದರೆ ಈ ಮೆಟ್ಟಿಲುಗಳು ಏಳುತ್ತಿದ್ದ ಕಾಲದಲ್ಲೇ ದೊಡ್ಡ ಗೆಲುವಿನ ಹೆಸರುಗಳು ಬದಲಾದವು. ಅನಿರ್ಬನ್ ಲಾಹಿರಿ, ಶುಭಂಕರ್ ಶರ್ಮ, ಖಾಲಿನ್ ಜೋಶಿ, ಬೆಂಗಳೂರಿನ ಕೆಜಿಎ ಮೈದಾನದಲ್ಲಿ 2018ರಲ್ಲಿ ಟೇಕ್ ಸೊಲ್ಯೂಷನ್ಸ್ ಮಾಸ್ಟರ್ಸ್ ಗೆದ್ದ ವಿರಾಜ್ ಮಾದಪ್ಪ, ಇವರೆಲ್ಲ ಪ್ರತಿಭಾವಂತರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕ್ಯಾಡಿ ಕೇರಿಯ ಹೆಸರು ಮೊದಲಿನಷ್ಟು ಕೇಳಿಬರುತ್ತಿಲ್ಲ. ಬಿಡದಿಯ ಈಗಲ್‌ಟನ್ ಮೈದಾನದಲ್ಲಿ ವಿಜಯ್ ದಿವೇಚ ಎಂಬ ಒಬ್ಬರೇ ಗುರುವಿನ ಕೈಯಲ್ಲಿ ಇಬ್ಬರು ತಯಾರಾದರು. ಒಬ್ಬರು ಸೇನೆಯ ವೈದ್ಯರ ಮಗ ಅನಿರ್ಬನ್, ಇನ್ನೊಬ್ಬರು ಪಕ್ಕದ ಹಳ್ಳಿಯ ಬಡ ಮನೆಯಿಂದ ಬಂದ ಎಸ್. ಚಿಕ್ಕರಂಗಪ್ಪ. ಚಿಕ್ಕರಂಗಪ್ಪ ಅವರಂಥವರು ಅಷ್ಟು ಮೇಲಕ್ಕೆ ಬಂದರೆಂದರೆ ಅದಕ್ಕೆ ಆ ಗುರುವಿನ ಅಕ್ಕರೆ ಕಾರಣ, ವ್ಯವಸ್ಥೆಯ ಅಕ್ಕರೆ ಅಲ್ಲ. ಒಬ್ಬ ಗುರು ಎಷ್ಟು ಜನರನ್ನು ಸಾಕಿಯಾರು? 1991ರಲ್ಲಿ ದೇಶದೊಳಗೆ ಗೆದ್ದರೆ ಸಾಕಿತ್ತು. ಈಗ ವಿದೇಶದ ಅರ್ಹತಾ ಸುತ್ತುಗಳು, ವಿಮಾನದ ಟಿಕೆಟ್, ದೇಹ ಸಾಧನೆಯ ತರಬೇತುದಾರ, ಹೊಡೆತ ಅಳೆಯುವ ಯಂತ್ರ, ಎಲ್ಲ ಬೇಕು. ಆಟದ ಖರ್ಚು ಏರಿದಷ್ಟು ವೇಗದಲ್ಲಿ ಕೆಳಗಿನ ಮೆಟ್ಟಿಲಿನ ಹಣ ಏರಲಿಲ್ಲ. ಮೆಟ್ಟಿಲು ಇದೆ, ಅದರ ಮೇಲೆ ನಿಂತುಕೊಳ್ಳುವ ಕಾಲ ಮಾತ್ರ ಉಳ್ಳವರಿಗಷ್ಟೇ ಸಿಗುತ್ತಿದೆ.

ಇದಕ್ಕೆ ಒಂದು ಆಕ್ಷೇಪ ಉಂಟು, ಬಲವಾದದ್ದೇ. ನಿಜವಾದ ಪ್ರತಿಭೆ ಹೇಗಾದರೂ ದಾರಿ ಮಾಡಿಕೊಳ್ಳುತ್ತದೆ, ಎರಡನೇ ದರ್ಜೆಯ ಟೂರ್ ಸಾಧಾರಣರ ತಂಗುದಾಣ, ಎನ್ನುವುದು ಆ ವಾದ. ಸಾಕ್ಷಿಗೂ ಕೊರತೆಯಿಲ್ಲ. ಟೈಗರ್ ವುಡ್ಸ್ 1996ರಲ್ಲಿ ವೃತ್ತಿಪರರಾದ ಕೆಲವೇ ವಾರಗಳಲ್ಲಿ ಪಿಜಿಎ ಟೂರ್ ಟೂರ್ನಿ ಗೆದ್ದರು, ಎರಡನೇ ಮೆಟ್ಟಿಲು ತುಳಿಯಲೇ ಇಲ್ಲ. 1991ರ ಪಿಜಿಎ ಚಾಂಪಿಯನ್‌ಶಿಪ್‌ಗೆ ಜಾನ್ ಡೇಲಿ ಒಂಬತ್ತನೇ ಬದಲಿ ಆಟಗಾರ. ಹೆಂಡತಿಯ ಹೆರಿಗೆಗೆಂದು ನಿಕ್ ಪ್ರೈಸ್ ಹಿಂದೆ ಸರಿದರು, ಡೇಲಿ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದು, ಮೈದಾನವನ್ನೇ ಸರಿಯಾಗಿ ನೋಡದೆ ಆಡಿ ಗೆದ್ದರು. ಕೋಲ್ಕತ್ತದ ಅರ್ಜುನ್ ಅತ್ವಾಲ್ 2010ರ ಜುಲೈಯಲ್ಲಿ ಕಾರ್ಡ್ ಕಳೆದುಕೊಂಡರು. ಆಗಸ್ಟಿನಲ್ಲಿ ಗ್ರೀನ್ಸ್‌ಬರೋದ ವಿಂಡಮ್ ಚಾಂಪಿಯನ್‌ಶಿಪ್‌ಗೆ ಸೋಮವಾರದ ಅರ್ಹತಾ ಸುತ್ತಿನಿಂದ ಒಳಬಂದರು, ಮೊದಲ ದಿನವೇ 61 ಹೊಡೆತದಲ್ಲಿ ಮುಗಿಸಿದರು. ಕೊನೆಯ ದಿನದ ಕೊನೆಯ ಹೋಲಿನಲ್ಲಿ ಎದುರಿಗಿದ್ದದ್ದು ಏಳಡಿಯ ಪಟ್. ತಪ್ಪಿದ್ದರೆ ಡೇವಿಡ್ ಟಾಮ್ಸ್ ಜತೆ ಪ್ಲೇಆಫ್. ಚೆಂಡು ಒಳಗೆ ಬಿತ್ತು. ಪಿಜಿಎ ಟೂರ್ ಟೂರ್ನಿ ಗೆದ್ದ ಮೊದಲ ಭಾರತೀಯ ಎಂಬ ಹೆಸರು ಅವರದಾಯಿತು.

ಈ ಕತೆಗಳನ್ನು ತುಸು ಹಿಂದಕ್ಕೆ ಸರಿದು ನೋಡಬೇಕು. ರಾತ್ರಿ ಕಾರು ಓಡಿಸಿಕೊಂಡು ಬಂದ ಡೇಲಿ ಅದರ ಹಿಂದಿನ ವರ್ಷ, 1990ರಲ್ಲಿ, ಹೋಗನ್ ಟೂರ್‌ನಲ್ಲೇ ಊರೂರು ಸುತ್ತಿದವರು, ಯೂಟಾದಲ್ಲಿ ಗೆದ್ದವರು. ಅತ್ವಾಲ್ 2008ರಲ್ಲಿ ನೇಷನ್‌ವೈಡ್ ಟೂರ್‌ನ ಚಟ್ಟನೂಗ ಕ್ಲಾಸಿಕ್ ಗೆದ್ದವರು. ಪವಾಡದಂತೆ ಕಾಣುವ ಎರಡೂ ಗೆಲುವಿನ ಕೆಳಗೆ ಎರಡನೇ ದರ್ಜೆಯ ನೆಲಗಟ್ಟಿದೆ. ವುಡ್ಸ್ ನಿಜವಾದ ಅಪವಾದ, ಒಪ್ಪುತ್ತೇನೆ. ಆದರೆ ಪ್ರಾಯೋಜಕರು ಸಾಲುಗಟ್ಟಿ ಕರೆದ ಆಟಗಾರನನ್ನು ಅಳತೆಗೋಲು ಮಾಡಿ ಉಳಿದವರನ್ನು ಅಳೆಯಲಾಗದು. ಅದಿತಿ ಅಶೋಕ್ ಅವರ ಹೆಸರೂ ಈ ವಾದದಲ್ಲಿ ಬರುತ್ತದೆ. ಬೆಂಗಳೂರಿನ ಈ ಹುಡುಗಿ 2016ರ ಆರಂಭದಲ್ಲಿ ವೃತ್ತಿಪರರಾಗಿ ನೇರ ಯುರೋಪಿನ ಮಹಿಳಾ ಟೂರ್‌ಗೆ ಹೋಗಿ, ಅದೇ ವರ್ಷ ಮಹಿಳಾ ಇಂಡಿಯನ್ ಓಪನ್ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಪದಕದ ಪ್ಲೇಆಫ್‌ಗೆ ಕೊರತೆಯಾದದ್ದು ಒಂದೇ ಹೊಡೆತ. ಆದರೆ ಅದಕ್ಕೆ ಹಿಂದಿನ ರಿಯೊ ಒಲಿಂಪಿಕ್ಸ್‌ನಲ್ಲಿ ಅವರ ಬ್ಯಾಗ್ ಹೊತ್ತವರು ತಂದೆ, ಟೋಕಿಯೊದಲ್ಲಿ ಹೊತ್ತವರು ತಾಯಿ. ಎರಡನೇ ಮೆಟ್ಟಿಲನ್ನು ಅವರು ಹಾರಿ ಹೋದರೆಂದು ಹೇಳುವುದು ಸರಿಯಲ್ಲ, ಅದನ್ನು ಮನೆಯವರೇ ಹೆಗಲ ಮೇಲೆ ಹೊತ್ತು ನಿಂತಿದ್ದರು. ಅಂಥ ಮನೆ ಎಲ್ಲರಿಗೂ ಇರುವುದಿಲ್ಲ. ಮಹಿಳೆಯರ ಆಟದಲ್ಲಿ ಕಣವೊಂದು ಸದ್ದಿಲ್ಲದೆ ಏನು ಮಾಡಬಲ್ಲದು ಎಂಬುದಕ್ಕೆ ದೇಶದೊಳಗಿನ ಹೀರೋ ಮಹಿಳಾ ಪ್ರೊ ಗಾಲ್ಫ್ ಟೂರ್ ಸಾಕ್ಷಿ. ಇದೂ ಹೋಗನ್ ಟೂರ್‌ನಂತೆ ಮೂರು ದಿನದ, 54 ಹೋಲಿನ ಟೂರ್ನಿಗಳ ಸರಣಿ. ಹೈದರಾಬಾದಿನಲ್ಲೂ ಇದರ ಸುತ್ತುಗಳು ನಡೆದಿವೆ, ಈ ಊರಿನ ಸ್ನೇಹಾ ಸಿಂಗ್ ಆ ಟೂರ್‌ನಲ್ಲೇ ಬೆಳೆದವರು. ಮೈಸೂರಿನ ಪ್ರಣವಿ ಅರಸ್ ಕೂಡ. ಬೆಂಗಳೂರಿನ ಅವನಿ ಪ್ರಶಾಂತ್ ಅಮೆಚೂರ್ ಆಗಿರುವಾಗಲೇ ಅಲ್ಲಿ ವೃತ್ತಿಪರರನ್ನು ಮಣಿಸಿದವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಭಾರತ ಕಳಿಸಿದ ಮಹಿಳಾ ಗಾಲ್ಫ್ ತಂಡದಲ್ಲಿದ್ದ ಅದಿತಿ, ಪ್ರಣವಿ, ಅವನಿ ಮೂವರೂ ಕರ್ನಾಟಕದವರು. ಅದಿತಿ ಬೆಳ್ಳಿ ತಂದರು.

ಎರಡನೆಯ ಆಕ್ಷೇಪ ಆಟದಾಚೆಯದು. ಗಾಲ್ಫ್ ಹಣವಂತರ ಆಟ, ನೆಲ ನುಂಗುವ, ನೀರು ಕುಡಿಯುವ ಆಟ, ಅದರ ಕೆಳಗಿನ ಮೆಟ್ಟಿಲಿನ ಚಿಂತೆ ಸಮಾಜಕ್ಕೆ ಯಾಕೆ? ನಯಾ ಕಿಲಾದ ವಿಷಯದಲ್ಲಂತೂ ಈ ಪ್ರಶ್ನೆಗೆ ತೂಕ ಹೆಚ್ಚು. ಹದಿನೇಳನೇ ಶತಮಾನದ ಕೋಟೆ, ಕುತುಬ್ ಷಾಹಿ ಕಾಲದ ತೋಟದ ಕುರುಹುಗಳು ಇರುವ ಜಾಗದಲ್ಲಿ ಗಾಲ್ಫ್ ಆಡಬಹುದೇ ಎಂದು ಪರಂಪರೆಯ ಬಗ್ಗೆ ಕಾಳಜಿಯುಳ್ಳವರು ಮತ್ತೆ ಮತ್ತೆ ಕೇಳಿದ್ದಾರೆ. ಅವರು ಕೇಳುವುದು ನ್ಯಾಯ. ಆ ಕಲ್ಲು, ಆ ಮಸೀದಿ, ಆ ಮರ ಎಲ್ಲರವು, ಅವುಗಳ ಬಳಿಗೆ ಹೋಗುವ ದಾರಿ ಯಾರಿಗೂ ಮುಚ್ಚಬಾರದು. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಸಾರ್ವಜನಿಕ ನೆಲದಲ್ಲಿ ಆಡುವ ಆಟ ಸಾರ್ವಜನಿಕರಿಗೆ ಏನು ಹಿಂತಿರುಗಿಸುತ್ತದೆ ಎಂಬ ಪ್ರಶ್ನೆಗೆ ಸದಸ್ಯರ ಶುಲ್ಕ ಉತ್ತರವಲ್ಲ, ಬಹುಮಾನ ವಿತರಣೆಯ ಫೋಟೊ ಉತ್ತರವಲ್ಲ. ಆ ನೆಲದಲ್ಲಿ ಬ್ಯಾಗ್ ಹೊರುವವರ ಮಕ್ಕಳಿಗೆ ಆಟದಲ್ಲಿ ಬೇರು ಬಿಡುವಷ್ಟು ಕಾಲ ಸಿಕ್ಕಿತೇ ಎಂಬುದು ಉತ್ತರ. 1991ರಿಂದ 2009ರವರೆಗಿನ ಕ್ಯಾಡಿಗಳ ಗೆಲುವಿನ ಸಾಲು ಇಲ್ಲದಿದ್ದರೆ ಈ ದೇಶದಲ್ಲಿ ಗಾಲ್ಫ್ ಬರೀ ಹಣವಂತರ ಆಟ ಎಂದು ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಆ ಸಾಲು ಇದೆ.

ಮೂರನೆಯ ಮಾತನ್ನು ಆಟ ಬಲ್ಲವರೇ ಹೇಳುತ್ತಾರೆ, ನನ್ನನ್ನು ಹೆಚ್ಚು ಕಾಡುವುದೂ ಅದೇ. ಚಿಕ್ಕ ಟೂರ್‌ಗಳು ಆಸೆ ತೋರಿಸಿ ಯುವಕರ ಒಳ್ಳೆಯ ವರ್ಷಗಳನ್ನು ತಿಂದುಹಾಕುತ್ತವೆ. ಮೂವತ್ತು ಊರು, ಐದು ಕಾರ್ಡು ಎಂಬ ಲೆಕ್ಕದಲ್ಲಿ ಉಳಿದವರು ಏನಾದರು? ಸಾಲ, ಬೆನ್ನುನೋವು, ಬೇರೆ ಕೆಲಸ ಕಲಿಯುವ ವಯಸ್ಸು ಕಳೆದ ಮೇಲೆ ಬಂದ ಅರಿವು. ಇದು ಸುಳ್ಳಲ್ಲ. ಲೇಮನ್ ಒಬ್ಬರ ಕತೆ ಹೇಳುವಾಗ ಅವರಂತೆಯೇ ಕಾದು, ಗೆಲ್ಲದೆ, ಹೆಸರಿಲ್ಲದೆ ಹೋದವರನ್ನು ಮರೆಯಬಾರದು. ಆದರೆ ಇದಕ್ಕೆ ಮದ್ದು ಮೆಟ್ಟಿಲನ್ನು ಕೀಳುವುದಲ್ಲ. ಹೈದರಾಬಾದಿನ ಕ್ರಿಕೆಟ್ ಇದಕ್ಕೆ ಉತ್ತರವನ್ನು ಎಂದೋ ಕೊಟ್ಟಿದೆ. ಟೆಸ್ಟ್ ಟೋಪಿ ಸಿಗದ ಆಟಗಾರನೂ ಬ್ಯಾಂಕಿನ ನೌಕರನಾಗಿ, ಪಿಂಚಣಿ ಪಡೆದು, ಮಾನದಿಂದ ಮನೆಗೆ ಹೋದ. ಗೆದ್ದವನಿಗೆ ಬಹುಮಾನ ಎಷ್ಟೇ ಇರಲಿ, ಕಟ್ ತಪ್ಪಿದವನ ವಾರದ ಖರ್ಚಿಗೊಂದು ಪಾಲು, ಕ್ಯಾಡಿ ಮನೆತನದ ಆಟಗಾರರಿಗೆ ಪ್ರವೇಶ ಶುಲ್ಕದ ವಿನಾಯಿತಿ, ಮೂರು ನಾಲ್ಕು ವರ್ಷಕ್ಕೆ ಒಂದು ನೌಕರಿಯ ಭದ್ರತೆ, ಇವು ಮೊದಲು ಬರಬೇಕು. 2024ರಲ್ಲಿ ಪಿಜಿಟಿಐ ಅಧ್ಯಕ್ಷರಾದವರು ಕಪಿಲ್ ದೇವ್, ಕ್ರಿಕೆಟಿನ ಈ ಚರಿತ್ರೆಯನ್ನು ಒಳಗಿನಿಂದ ಕಂಡವರು. ಟೂರ್ ನಡೆಸುವವರು, ಮೈದಾನಗಳನ್ನು ನೋಡಿಕೊಳ್ಳುವ ಸಂಘಗಳು, ನೆಲ ಕೊಟ್ಟ ಸರ್ಕಾರಗಳು ಕೂತು ಇದರ ಲೆಕ್ಕ ಹಾಕಬೇಕು. ಮಧ್ಯಪ್ರದೇಶದ ಮಹೂವಿನ ಕ್ಯಾಡಿ ಮುಕೇಶ್ ಕುಮಾರ್ ದೇಶದೊಳಗೆ ನೂರಕ್ಕೂ ಹೆಚ್ಚು ಟೂರ್ನಿ ಗೆದ್ದವರು. ಏಷ್ಯನ್ ಟೂರ್‌ನಲ್ಲಿ ಅವರಿಗೆ ಮೊದಲ ಪ್ರಶಸ್ತಿ ಬಂದದ್ದು 2016ರ ಡಿಸೆಂಬರಿನಲ್ಲಿ, ದೆಹಲಿಯ ಪ್ಯಾನಾಸಾನಿಕ್ ಓಪನ್‌ನಲ್ಲಿ. ಆಗ ಅವರಿಗೆ 51 ವರ್ಷ.